ರೊಟ್ಟಿ ಶಿವಬಸವ್ವನದು, ನಂಬರು ಈರಬಸಪ್ಪನದು

ಮರಾಠಿ ನಾಡಿನ ಸ್ವಾರಗೇಟಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಿವಬಸವ್ವನ ಅಡುಗೆಮನೆಯ ಕಿಟಕಿಯೇ ಅಂಗಡಿ. ಬೆಳಗಾಗುತ್ತಲೇ ಒಳಗೆ ಪಟಪಟ ರೊಟ್ಟಿ ಬಡಿಯುವ ಸದ್ದು, ಹೊರಗೆ ಬೆಳಗಾವಿ, ಧಾರವಾಡದ ಕಡೆಯಿಂದ ನೌಕರಿಗೆ ಬಂದ ಹುಡುಗರ ಸಾಲು. ಕಿಟಕಿಯ ಸರಳಿಗೆ ಕ್ಯೂಆರ್ ಚೀಟಿ, ಅದರ ಪಕ್ಕ ಒಂದು ಪುಟ್ಟ ಡಬ್ಬಿ. ಹುಡುಗರು ಚೀಟಿಗೆ ಫೋನು ಹಿಡಿದರೆ ಸಾಕು, ರೊಕ್ಕ ಬಂತೆಂದು ಡಬ್ಬಿ ಮರಾಠಿಯಲ್ಲಿ ಕೂಗುತ್ತಿತ್ತು: "ರುಪಯೇ ಪ್ರಾಪ್ತ ಝಾಲೇ!"

ಆ ಕೂಗಿಗೆ ಪಡಸಾಲೆಯ ಕುರ್ಚಿಯಲ್ಲಿ ಕುಳಿತ ಗಂಡ ಈರಬಸಪ್ಪ ಅಂಗಿಯ ಜೇಬು ಮುಟ್ಟಿಕೊಂಡು, "ಬಂತು ನೋಡು!" ಎನ್ನುತ್ತಿದ್ದ. ಬಂದದ್ದು ಎಲ್ಲಿಗೆ? ಅವನ ಖಾತೆಗೆ. ಹಿಟ್ಟು ನಾದಿದ್ದು, ಹೊಗೆ ಕುಡಿದದ್ದು, ಬೆರಳು ಸುಟ್ಟುಕೊಂಡದ್ದು ಶಿವಬಸವ್ವ. ಪ್ರಾಪ್ತವಾದದ್ದು ಮಾತ್ರ ಈರಬಸಪ್ಪನಿಗೆ.

ಈರಬಸಪ್ಪ ಕೆಟ್ಟವನಲ್ಲ. ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕುಡಿಯುವುದಿಲ್ಲ, ಬೈಯುವುದಿಲ್ಲ, ಹೆಂಡತಿಯ ರೊಟ್ಟಿಯನ್ನು ಓಣಿಯೆಲ್ಲ ಹೊಗಳುತ್ತಾನೆ. ಆದರೆ ಅವನ ಮನೆಯಲ್ಲಿ ಒಂದು ಪದ್ಧತಿ. ಹೆಂಡತಿ, ಮಗಳು, ಸೊಸೆ, ಯಾರದೇ ಬ್ಯಾಂಕ್ ಖಾತೆಯಿರಲಿ, ಅದಕ್ಕೆ ಕೊಟ್ಟ ಮೊಬೈಲ್ ನಂಬರು ಅವನದೇ. ಓಟಿಪಿ ಬರುವುದು ಅವನಿಗೆ, ಆಪ್ ತೆರೆಯುವುದು ಅವನ ಫೋನಿನಲ್ಲಿ, ಕಾರ್ಡು ಇರುವುದು ಅವನ ಕಪಾಟಿನಲ್ಲಿ. ಯಾಕೆ ಎಂದರೆ ಉತ್ತರ ಸಿದ್ಧ: "ಕಾಲ ಕೆಟ್ಟದ. ಯಾವನೋ ಫೋನ್ ಮಾಡಿ ಸಿಹಿ ಮಾತಾಡ್ತಾನ, ನೀವು ಹೆಣ್ಮಕ್ಕಳು ಎಲ್ಲಾ ಹೇಳಿಬಿಡ್ತೀರಿ."

ಹಿಂದೆ ತಿಜೋರಿಯ ಕೀಲಿಕೈ ಯಜಮಾನನ ಉಡದಾರದಲ್ಲಿ ತೂಗುತ್ತಿತ್ತು. ಈಗ ಉಡದಾರ ಹೋಗಿ ಫೋನು ಬಂದಿದೆ. ಬುದ್ಧಿ ಮಾತ್ರ ಉಡದಾರದಲ್ಲೇ ಜೋತುಬಿದ್ದಿದೆ. ನಗಬೇಡಿ; ಎಷ್ಟೋ ಓದಿದವರ ಮನೆಗಳಲ್ಲೂ ಇದೇ ಕಥೆ.

ಅವನ ಮಗಳು ರಂಜನಾ ಮಗರಪಟ್ಟಾದ ಒಂದು ಹೊಸ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೆಣ್ಣುಮಕ್ಕಳು ತಮ್ಮ ಫೋನಿನಲ್ಲೇ ಉಳಿತಾಯ ಮಾಡಲೆಂದು ಆಪ್ ತಯಾರಿಸಿದ ಕಂಪನಿ ಅದು.

"ದಿನಾ ಮುಂಜಾನಿಂದ ಸಂಜೀತನ ಹೆಣ್ಮಕ್ಕಳಿಗೆ ಹೇಳ್ತೀನಿ, ತಾಯಿ, ನಿಮ್ಮ ನಂಬರ್ ನಿಮ್ಮ ಕೈಯಾಗ ಇರ್ಲಿ ಅಂತ. ನಂದು ನೋಡಿದ್ರ ಅಪ್ಪನ ಜೇಬಿನಾಗ ಅದ. ಆಫೀಸಿನಾಗ ಗೊತ್ತಾದ್ರ ಮಾರಿ ಹೆಂಗ ತೋರಿಸ್ಲವ್ವಾ?"

"ಇರ್ಲಿ ಬಿಡು, ಮದುವಿ ಆಗೂತನ ಅಷ್ಟ," ಎಂದು ಶಿವಬಸವ್ವ ಸಮಾಧಾನ ಹೇಳುತ್ತಿದ್ದಳು. ತನಗೂ ತವರಿನಲ್ಲಿ ಇದೇ ಮಾತು ಹೇಳಿದ್ದರೆಂಬುದು ಅವಳಿಗೆ ಮರೆತಿತ್ತು.

ನೆನಪಾದದ್ದು ಒಂದು ಮಳೆಯ ಸಂಜೆ. ಸೊಸೆ ಶೀತಲ್ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಸ್ವಾಗತದ ಮೇಜಿನ ಕೆಲಸಕ್ಕಿದ್ದಳು. ಬಸ್ಸು ಸಿಗದೆ ರಿಕ್ಷಾ ಹತ್ತಿ ಬಂದಳು. ಕೈಯಲ್ಲಿ ರೊಕ್ಕವಿಲ್ಲ. ಮಾವನಿಗೆ ಫೋನು ಮಾಡಿದರೆ ಅವನು ಭಜನೆಯಲ್ಲಿದ್ದಾನೆ, ಫೋನು ಮೌನವಾಗಿದೆ. ಗಂಡ ಮಾಂತು ಔಷಧ ಕಂಪನಿಯ ಕೆಲಸದ ಮೇಲೆ ಸೋಲಾಪುರದಲ್ಲಿ. ಅತ್ತೆಯ ಸಾಸಿವೆ ಡಬ್ಬಿಯಲ್ಲೂ ಒಂದು ಕಾಸಿಲ್ಲ, ಈಗ ಯಾರು ನೋಟು ಕೊಟ್ಟು ರೊಟ್ಟಿ ಒಯ್ಯುತ್ತಾರೆ? ರಿಕ್ಷಾದವನು ಓಣಿಗೆಲ್ಲ ಕೇಳುವಂತೆ, "ಕಾಯ ತಾಯಿ, ಪಗಾರ ಘೇತಾ ನಾ ತುಮ್ಹೀ?" ಎಂದ. ಸಂಬಳ ತಗೋತೀರಲ್ಲ ಎಂಬ ಆ ಮಾತಿಗೆ ಶೀತಲ್ ನೆಲ ನೋಡಿದಳು.

ಶಿವಬಸವ್ವ ಬಿಸಿ ರೊಟ್ಟಿ ಸುತ್ತಿ, ಮೇಲೆ ಶೇಂಗಾ ಚಟ್ನಿ ಹಾಕಿ, "ಹೇ ಘ್ಯಾ ದಾದಾ," ಬಾಡಿಗೆಗೆ ಇದನ್ನೇ ತಗೊಳ್ಳಿ ಎಂದು ಅವನ ಕೈಗಿಟ್ಟಳು. ಅವನು ಅಲ್ಲೇ ಒಂದು ಮುರಿದು ತಿಂದು, ನಕ್ಕು, ಹೋದ. ಓಣಿಯೂ ನಕ್ಕಿತು. ಆದರೆ ಶೀತಲ್ ಹೊಕ್ಕ ಬಚ್ಚಲಮನೆಯಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಲೇ ಇತ್ತು. ಅಳುವ ಸದ್ದು ಕೇಳಬಾರದೆಂದು ಹೆಂಗಸರು ಬಿಡುವ ನಲ್ಲಿಯ ಸದ್ದು ಶಿವಬಸವ್ವನಿಗೆ ಹೊಸದಲ್ಲ.

ಇಂಥದರಲ್ಲಿ ರಂಜನಾಳನ್ನು ನೋಡಲು ಬೀಗರು ಬಂದರು. ಶಂಕ್ರೆಪ್ಪ ಬೆಲ್ಲದ ವ್ಯಾಪಾರಿ. ಜೊತೆಗೆ ಹೆಂಡತಿ ಗೌರಾಬಾಯಿ, ಮಗ ಸಿದ್ದಾರೂಢ. ಹುಡುಗ ಮೃದು, ನಗುಮುಖ, ರಂಜನಾಳಿಗೂ ಮನಸ್ಸಿತ್ತು. ಅವಲಕ್ಕಿ, ಚಹಾ ಆದ ಮೇಲೆ ಶಂಕ್ರೆಪ್ಪ ಮೀಸೆ ಒರೆಸಿಕೊಂಡ.

"ವರದಕ್ಷಿಣಿ ಗಿರದಕ್ಷಿಣಿ ನಮಗ ಬ್ಯಾಡ್ರಿ. ನಾವು ಸುಧಾರಿಸಿದ ಮಂದಿ. ಹುಡುಗಿ ನೌಕರಿ ಮಾಡ್ಲಿ, ಪಗಾರ ತರ್ಲಿ. ಒಂದ ಮಾತು: ಬ್ಯಾಂಕಿನಾಗ ನಿಮ್ಮ ನಂಬರ್ ತಗದು ನನ್ನ ನಂಬರ್ ಹಾಕಿಸ್ರಿ. ನಿಮ್ಮ ಮನ್ಯಾಗೂ ಇದ ಪದ್ಧತಿ ಅದ ಅಂತ ಕೇಳೀನಿ."

"ಹೌದ್ರಿ, ಹೌದ್ರಿ!" ಈರಬಸಪ್ಪ ಹಿಗ್ಗಿದ. "ನಿಮ್ಮ ನಂಬರ್, ನಮ್ಮ ನಂಬರ್, ಏನ್ ಫರಕ್ರಿ!"

ಬಾಗಿಲಲ್ಲಿ ನಿಂತಿದ್ದ ಶಿವಬಸವ್ವನಿಗೆ ತನ್ನದೇ ಮಾತು ನೆನಪಾಯಿತು. ಮದುವೆಯಾಗುವ ತನಕ ಎಂದಿದ್ದಳಲ್ಲ? ಮದುವೆ ಬಂತು, ಮಗಳು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೊರಟಿದ್ದಾಳೆ. ಪಕ್ಕದಲ್ಲಿದ್ದ ಗೌರಾಬಾಯಿಯನ್ನು ಮೆಲ್ಲಗೆ ಕೇಳಿದಳು: "ನಿಮಗ ರೊಕ್ಕ ಬೇಕಾದ್ರ ಕೊಡ್ತಾರೇನ್ರಿ?"

"ಕೊಡ್ತಾರ್ರಿ, ಇಲ್ಲ ಅನ್ನಂಗಿಲ್ಲ. ಯಾಕ ಅಂತ ಕೇಳ್ತಾರ ಅಷ್ಟ," ಎಂದಳು ಗೌರಾಬಾಯಿ. "ಹಂಗ ಕೇಳಿಸ್ಕೋಬೇಕಲ್ಲ ಅಂತ ನಾನ ಕೇಳೂದು ಬಿಟ್ಟೀನಿ."

ಅದೇ ಹೊತ್ತಿಗೆ ಕಿಟಕಿಯಲ್ಲಿ ಶೀತಲ್ ಯಾರಿಗೋ ರೊಟ್ಟಿ ಕೊಟ್ಟಳು. ಡಬ್ಬಿ ಕೂಗಿತು: "ರುಪಯೇ ಪ್ರಾಪ್ತ ಝಾಲೇ!"

ಶಂಕ್ರೆಪ್ಪ ಬೆಚ್ಚಿಬಿದ್ದ. "ಇದು ಯಾರ ರೊಕ್ಕರೀ?"

"ನಂದು," ಎಂದರು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ.

ಶಿವಬಸವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಡಸಾಲೆಯ ನಡುವೆ ಬಂದಳು. ಕೈಯಲ್ಲಿನ್ನೂ ಜೋಳದ ಹಿಟ್ಟು.

"ಬೀಗರ, ಈ ಮದುವಿ ಆಗೂದಿಲ್ಲ. ನನ್ನ ಮಗಳ ನಂಬರ್ ನಿಮಗ ಕೊಡಂಗಿಲ್ಲ. ಇವರ ಹತ್ರಾನೂ ಇಡಂಗಿಲ್ಲ."

"ಏನಂತಿ! ಹಿರಿಯರ ಮುಂದ!" ಈರಬಸಪ್ಪ ಎದ್ದುನಿಂತ. "ಕಳ್ಳರು ಲೂಟಿ ಮಾಡಿದ್ರ?"

ರಂಜನಾ ಮುಂದೆ ಬಂದಳು. "ಅಪ್ಪಾ, ಕಳ್ಳರ ಹೆದರಿಕಿಗೆ ಬಾಗಿಲಿಗೆ ಕೀಲಿ ಹಾಕ್ತಾರ, ಮನಿಯವರನ್ನ ಕೂಡಿಹಾಕಂಗಿಲ್ಲ. ಓಟಿಪಿ ಯಾರಿಗೂ ಹೇಳಬಾರದು ಅಂತ ಅವ್ವಗ ಒಂದ ದಿನದಾಗ ಕಲಿಸ್ತೀನಿ. ನಾಳೆ ನಿನ್ನ ಫೋನ್ ಒಂದ ಕಳೀತಂದ್ರ? ಮನೀ ಮಂದಿಯೆಲ್ಲಾ ಬೀದೀಗೆ!" ಆಮೇಲೆ ಸಿದ್ದಾರೂಢನ ಕಡೆ ತಿರುಗಿದಳು. "ನೀವು ಬರೂದಿದ್ರ, ಮೊದಲ ನಿಮ್ಮ ಅವ್ವಾರ ನಂಬರ್ ಅವರಿಗೆ ಕೊಡಿಸಿ ಬರ್ರಿ."

ಸಿದ್ದಾರೂಢ ತಾಯಿಯ ಮುಖ ನೋಡಿದ. ಹೊಸದಾಗಿ ನೋಡಿದಂತೆ ನೋಡಿದ. ಶಂಕ್ರೆಪ್ಪ ಮಾತ್ರ ಚಪ್ಪಲಿ ಹುಡುಕುತ್ತಾ, "ಭಾಳ ಮಾತು ಕಲ್ತಾರ!" ಎಂದು ಗೊಣಗಿ ಹೊರಬಿದ್ದ.

ಮರುದಿನ ಒಲೆ ಹತ್ತಲಿಲ್ಲ. ಕಿಟಕಿ ಮುಚ್ಚಿತ್ತು. ಹುಡುಗರು ಬಂದು ಬಡಿದರು: "ಕಾಕೂ, ರೊಟ್ಟಿ?"

"ಕಾಕಾನ್ನ ಕೇಳ್ರಿ. ನಂಬರ್ ಅವರದ ಅದ, ರೊಟ್ಟಿನೂ ಅವರ ಬಡೀತಾರ!"

ಪೌರುಷದಿಂದ ಈರಬಸಪ್ಪ ಕಿಟಕಿ ತೆಗೆದು, ಒಲೆ ಹಚ್ಚಿ, ಬಡಿದೇಬಿಟ್ಟ. ರೊಟ್ಟಿ ಕೈಗೆ ಅಂಟಿತು, ತವೆಗೆ ಬಿದ್ದದ್ದು ಕಾಶ್ಮೀರದ ನಕಾಶೆಯಂತೆ ಹರಿಯಿತು. ಕಿಟಕಿಯ ಹೊರಗಿನಿಂದ ಒಬ್ಬ, "ಕಾಕಾ, ಇದಕ್ಕ ನೀವ ನಮಗ ರೊಕ್ಕ ಕೊಡಬೇಕು!" ಎಂದ. ಶೀತಲ್ ಬಾಯಿಗೆ ಸೆರಗು ಹಿಡಿದಳು. ಮಳೆಯ ಸಂಜೆಯ ನಂತರ ಅವಳು ನಕ್ಕದ್ದು ಅಂದೇ. ಈರಬಸಪ್ಪ ಸುಟ್ಟ ಬೆರಳು ಊದಿಕೊಳ್ಳುತ್ತಾ ಆ ನಗುವನ್ನು ನೋಡಿದ. ಕಪಾಟು ತೆಗೆದು ಕಾರ್ಡುಗಳನ್ನೆಲ್ಲ ಮೇಜಿನ ಮೇಲಿಟ್ಟ.

"ನಡೀರಿ ಬ್ಯಾಂಕಿಗೆ. ನನ್ನ ಬೆರಳು ಉಳಿದ್ರ ಸಾಕು."

ಕೆಲವೇ ದಿನಗಳಲ್ಲಿ ಸರಳಿನ ಚೀಟಿಯ ಮೇಲೆ ಶಿವಬಸವ್ವನ ಹೆಸರು ಬಂತು. ಡಬ್ಬಿ ಕೂಗಿದಾಗ ಈರಬಸಪ್ಪನ ಕೈ ಹಳೆಯ ಚಾಳಿಗೆ ಜೇಬಿಗೆ ಹೋಗುತ್ತಿತ್ತು. ಶಿವಬಸವ್ವ ಕಣ್ಣಲ್ಲೇ ಗದರಿಸುತ್ತಿದ್ದಳು.

ಮಗಳ ಸಂಬಂಧ ಮುರಿದ ಚಿಂತೆ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಅವಳ ಫೋನು ಹೊಡೆದುಕೊಂಡಿತು.

"ಎತ್ತಬ್ಯಾಡ! ಕಳ್ಳರ ಇರ್ಬೇಕು!" ಎಂದ ಈರಬಸಪ್ಪ.

ಅವಳು ಎತ್ತಿದಳು.

"ಶಿವಬಸವ್ವಾರ, ನಾ ಗೌರಾಬಾಯಿ. ಇದು ನನ್ನ ನಂಬರ್ರಿ, ಸಿದ್ದಾರೂಢ ಕೊಡಿಸ್ಯಾನ. ಇವರು ಎರಡು ದಿನ ಮಾರಿ ಉಬ್ಬಿಸಿಕೊಂಡಿದ್ರು, ಈಗ ಹಾದಿಗೆ ಬಂದಾರ." ಆ ಕಡೆಯಿಂದ ನಗು ಕೇಳಿಸಿತು. "ಸೊಸಿನ್ನ ಕೇಳಾಕ ಬರೂನೇನ್ರಿ? ಈ ಸಲ ರಿಕ್ಷಾದ ರೊಕ್ಕ ನಾನ ಕೊಡ್ತೀನಿ."

"ಬರ್ರಿ, ಬರ್ರಿ!" ಎನ್ನುತ್ತಾ ಶಿವಬಸವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಗಂಡನ ಫೋನಿನಲ್ಲಿ ಆ ಮನೆಯ ಹೆಸರು 'ಶಂಕ್ರೆಪ್ಪ, ಬೆಲ್ಲ' ಎಂದಷ್ಟೇ ಇತ್ತು. ಅವಳು ತನ್ನ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಳು: ಗೌರಾಬಾಯಿ.