ನೀರು ಕಾದಿದೆ

ಈ ಊರಿನ ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಮನೆಗೆ ವಾಪಸಾಗುತ್ತಾಳಂತೆ ಎಂದು ಭಾವ ಹೇಳಿದ್ದು ವ್ಯಾನಿನಿಂದ ಡೋಲು ಇಳಿಸುವಾಗ. ಯಾಕೆ ಎಂದು ತಮ್ಮ ಕೇಳಿದರೆ, "ನನ್ನ ಕೇಳಬೇಡ ಕಣಪ್ಪ. ನಾನೂ ಒಂದು ಡೋಲು. ಅಕ್ಕ-ತಮ್ಮ ಇಬ್ಬರ ಕೈಲೂ ಹೊಡೆಸ್ಕೊಳ್ಳೋದಷ್ಟೇ ನನ್ನ ಕೆಲಸ" ಎಂದು ಒಳಗೆ ಹೋಗಿಬಿಟ್ಟ.

ತಮ್ಮ ಗಿಟಾರನ್ನು ವ್ಯಾನಿನಲ್ಲೇ ಬಿಟ್ಟು ಅಕ್ಕನನ್ನು ಹುಡುಕಿ ಹೊರಟ. ಮನೆಯಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು. ಅಕ್ಕ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವಳು, ಇವನು ಕಂಡವರ ತಂಡಗಳಲ್ಲೆಲ್ಲ ಗಿಟಾರ್ ಹಿಡಿದು ಹಾಡುತ್ತ ಅಲೆಯುವವನು. ಹಾಡು ಕಟ್ಟುವ ಹುಚ್ಚು ಮಾತ್ರ ಇಬ್ಬರಿಗೂ ಒಂದೇ. ಕೂಡಿ ಒಂದು ಆಲ್ಬಂ ಮಾಡೋಣ ಎಂದುಕೊಳ್ಳುತ್ತಲೇ ಇಬ್ಬರಿಗೂ ತಲೆ ನರೆತಿತ್ತು. ಈ ವರ್ಷ ಅಂತೂ ಮಾಡಿದರು. ಅದನ್ನು ಊರೂರಲ್ಲಿ ಹಾಡಲು ಹೊರಟ ಪ್ರವಾಸವಿದು. ಅವಳಿಲ್ಲದೆಯೂ ಅವನು ಹಾಡಬಲ್ಲ, ಜನ ಕೇಳಿಯಾರು. ಆದರೆ ಅವಳ ದನಿ ಪಕ್ಕದಲ್ಲಿದ್ದರೆ ತನ್ನ ದನಿಗೆ ಬರುವ ನೆಮ್ಮದಿ ಅವನಿಗೆ ಬೇರೆ ಯಾವ ತಂಡದಲ್ಲೂ ಸಿಕ್ಕಿರಲಿಲ್ಲ.

ಸಭಾಂಗಣದ ಖಾಲಿ ಕುರ್ಚಿಗಳ ನಡುವೆ ಅಕ್ಕ ಕನ್ನಡಕ ಒರೆಸುತ್ತ ಕೂತಿದ್ದಳು. ಗಂಟಲು ನೋವೇ, ಅಂಗಡಿಯಲ್ಲಿ ರಜೆ ಸಿಗಲಿಲ್ಲವೇ ಎಂದೆಲ್ಲ ವಿಚಾರಿಸಿದ. ಎರಡೂ ಅಲ್ಲ. ಆಮೇಲೆ ಅವಳೇ ಬಾಯಿಬಿಟ್ಟಳು, ನೀರಿನ ಹಾಡನ್ನು ಹಾಡಲು ತನ್ನ ಕೈಲಾಗುವುದಿಲ್ಲ ಎಂದು.

ಅದು ಅವಳೇ ಕಟ್ಟಿದ ಹಾಡು, ಜನ ಮತ್ತೆ ಮತ್ತೆ ಕೇಳುವ ಹಾಡು.

*ನೀರು ಕಾದಿದೆ, ಲೋಟ ತೊಳೆದಿದೆ,*
*ಇಂಗಿತು, ಸುರಿದೆ, ಮತ್ತೆ ಕಾದಿದೆ.*

ಅದಕ್ಕೆ ಓಟದ ಲಯ ಕೂಡಿಸಿದವನು ಇವನು. ಕುದಿಯುವ ಮುಂಚೆ ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಎದ್ದು ಅಲ್ಲಲ್ಲೇ ಒಡೆಯುತ್ತವಲ್ಲ, ಆ ಸದ್ದನ್ನು ಗಿಟಾರಿನ ತಂತಿಗಳಲ್ಲಿ ತರಲು ವಾರಗಟ್ಟಲೆ ಒದ್ದಾಡಿದ್ದ. ಒಲೆಯ ಮೇಲೆ ನೀರಿಟ್ಟು ಮರೆಯುವವರ ತಮಾಷೆಯ ಹಾಡೆಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ಆಗೆಲ್ಲ ಅಕ್ಕ ಮೈಕಿನಿಂದ ತುಸು ಹಿಂದೆ ಸರಿಯುತ್ತಿದ್ದುದು ಈಗ ಅವನ ನೆನಪಿಗೆ ಬಂತು.

"ನಿನ್ನ ಮೇಲೇ ಕಟ್ಟಿದ ಹಾಡು, ಅದಕ್ಕೆ ನೀನೇ ಜನರನ್ನ ಕುಣಿಸ್ತೀಯ. ಪಕ್ಕದಲ್ಲಿ ನಿಂತು ನಾನು ನಗಬೇಕು," ಎಂದಳು ಅಕ್ಕ.

"ನನ್ನ ಮೇಲಾ? ಅದು ಟೀ ನೀರಿನ ಹಾಡಲ್ವಾ ಅಕ್ಕ?"

ಒರೆಸುವ ಕೈ ನಿಂತಿತು. "ಕಾದಿದೆ ಅಂದ್ರೆ ಏನು ಅಂದ್ಕೊಂಡಿದ್ದೆ?"

"ಬಿಸಿಯಾಗಿದೆ ಅಂತ."

ಅಕ್ಕ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗುತ್ತಿತ್ತು, ಈಗ ಆಗಿರಲಿಲ್ಲ. "ಪೆದ್ದ, ಕಾಯೋದು ಬರೀ ಒಲೆ ಮೇಲೇನಾ?" ಎಂದಳು. ನಗು ಬಂತು, ಅದರ ಬೆನ್ನಿಗೇ ಕಣ್ಣೂ ತುಂಬಿತು.

ಸಂಜೆ ಬರ್ತೀನಿ, ಕೂತು ಹಾಡು ಕಟ್ಟೋಣ ಎಂದು ಅವನು ಹೇಳಿಕಳಿಸಿದಾಗಲೆಲ್ಲ ಅವಳು ಒಲೆಗೆ ನೀರಿಡುತ್ತಿದ್ದಳಂತೆ. ಅವನು ಇನ್ಯಾರದೋ ತಂಡದ ಜೊತೆ ಇನ್ನೆಲ್ಲೋ ಇರುತ್ತಿದ್ದ. ನೀರು ಇಂಗುತ್ತಿತ್ತು, ಮತ್ತೆ ಸುರಿಯುತ್ತಿದ್ದಳು. ಅವನಿಗೆ ಹಾಡು ಅರ್ಥವಾಗಿದೆ, ಆದರೂ ತಮಾಷೆ ಮಾಡಿ ತೇಲಿಸಿಬಿಟ್ಟ ಎಂದುಕೊಂಡೇ ಅವಳು ಇಷ್ಟು ದಿನ ಸುಮ್ಮನಿದ್ದದ್ದು.

ಅವನು ಎದ್ದು ಹೋಗಿ, ಆ ಒಂದು ಹಾಡಿಗೆ ಡೋಲು ಬೇಡ ಎಂದು ಭಾವನಿಗೆ ಹೇಳಿ ಬಂದ.

ಕಾರ್ಯಕ್ರಮದಲ್ಲಿ ಆ ಹಾಡಿನ ಸರದಿ ಬಂತು. ಅವನು ಒಂದೇ ತಂತಿ ಮೀಟಿದ. ರೂಢಿಯ ಮೇಲೆ ನಾಲ್ಕಾರು ಚಪ್ಪಾಳೆ ಎದ್ದು, ಜೊತೆ ಸಿಗದೆ ನಿಂತವು. ಭಾವ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತ. "ನೀರು ಕಾದಿದೆ" ಎಂದು ಇಬ್ಬರೂ ಹಾಡಿದರು. ಮುಂದಿನ ಮಾತು ಅಕ್ಕನದು. ಅವಳು ಎತ್ತಿಕೊಳ್ಳಲಿಲ್ಲ. ಮರೆತಳೇನೋ ಎಂದು ಮುಂದಿನ ಸಾಲಿನವರು ಕತ್ತೆತ್ತಿ ನೋಡಿದರು. ಖಾಲಿ ಜಾಗ ಕಂಡರೆ ಸ್ವರ ತುಂಬುವುದು ಅವನ ಕೈಯ ಚಾಳಿ. ತಂತಿಗಳ ಮೇಲೆ ಅಂಗೈ ಒತ್ತಿ ಹಿಡಿದ. ಅವಳು ಹಾಡದೆಯೇ ಇಳಿದು ಹೋದರೂ ಹೋಗಬಹುದು ಅನ್ನಿಸಿತು. ಆದರೂ ಕಾದ.

ಅಕ್ಕ ಮೈಕಿನ ಹತ್ತಿರ ಬಂದು, ಅವಸರವಿಲ್ಲದೆ, ಲೋಟ ತೊಳೆದ ಸಾಲು ಹಾಡಿದಳು.

ಹಾಡು ಮುಗಿದಾಗ ಚಪ್ಪಾಳೆ ತಡವಾಗಿ ಬಂತು. ಆ ಸದ್ದಿನಲ್ಲಿ ಅವಳು ಅವನ ಕಿವಿಯ ಬಳಿ ಬಾಗಿದಳು.

"ನಾಳೆ ಇನ್ನೊಂಚೂರು ಬೇಗ ಎತ್ಕೊಳ್ಳೋಣ ಕಣೋ. ಕಾದು ಕಾದು ನನಗೇ ಬೇಜಾರಾಯ್ತು."