ನಾಲ್ಕನೇ ಮರಿ

“ಯಾರ ಹಾಕಿದ್ರಿ ಹಾಲು? ಬಾಯಿ ಬಿಡ್ರಿ! ಯಾರ ಕೈ ಅದು?”

ಹೊನ್ನವ್ವ ನಡುಮನ್ಯಾಗ ನಿಂತು ಚೀರಿದ್ದು ಮನಗೂಳಿಯ ಅರ್ಧ ಓಣಿಗೆ ಕೇಳಿಸ್ತು. ಆಕಿ ಕೈಯಾಗ ಒಂದು ಬೆಕ್ಕಿನ ಮರಿ. ಹುಟ್ಟಿ ಒಂದು ತಿಂಗಳ ಮ್ಯಾಲ ನಾಕು ದಿನ ಆಗಿರಬೇಕು, ಹೊಟ್ಟಿ ಬೆನ್ನಿಗೆ ಹತ್ತಿತ್ತು, ಬಾಲದ ಬುಡಕ್ಕೆಲ್ಲಾ ಹಳದಿ ಹೊಲಸು. ನಿನ್ನೆ ಸಂಜಿಕ ಸೆರಗಿನ ಅಂಚು ಹಿಡಕೊಂಡು ಆಡಿದ ಮರಿ ಇವತ್ತ ಹತ್ತು ಗಂಟೆ ಆಗೂದ್ರಾಗ ಮತ್ತ ನೀರಿನಂಗ ಉಚ್ಚಿಕೊಂಡು ಬುಟ್ಟ್ಯಾಗ ಬಿದ್ದಿತ್ತು. ಬಾಯಿ ಹತ್ರ ಮೂಗು ಒಯ್ದ್ರ ಹಾಲಿನ ವಾಸನಿ.

“ನಾ ಹಾಕಿಲ್ರಿ ಅತ್ತಿ,” ಅಂದ್ಳು ಸೊಸಿ ವಿದ್ಯಾವತಿ, ಒಲಿ ಮುಂದಿಂದ ಮುಖ ಎತ್ತದ.

“ನೀ ಹಾಕಿಲ್ಲ, ನಾ ಹಾಕಿಲ್ಲ. ಮತ್ತ ಎಮ್ಮಿ ತಾನ ನಡಕೋತ ಬಂದು ಹಾಕಿ ಹೋತೇನು?”

ಹೊನ್ನವ್ವಗ ಸಿಟ್ಟು ಬರಾಕ ಕಾರಣ ಇತ್ತು. ಆ ಮರಿ ನಾಲ್ಕನೇದು. ಅದರ ತಾಯಿ ಐದು ವರ್ಷ ಈ ಮನ್ಯಾಗ ಜ್ವಾಳದ ಚೀಲಕ್ಕ ಇಲಿ ಹತ್ತಗೊಡದ ಕಾದ ಬೆಕ್ಕು. ಎಂಟು ದಿನದ ಹಿಂದ ಬಸ್ ಸ್ಟ್ಯಾಂಡ್ ರಸ್ತೆದಾಗ ಟೆಂಪೋಕ್ಕ ಸಿಕ್ಕು ಸತ್ತಿತ್ತು. ಉಳಿದದ್ದು ನಾಕು ಮರಿ. ಪಾಪ ಅಂತ ಹೊನ್ನವ್ವನ ತನ್ನ ಕೈಯಾರೆ ಅರಿವಿ ಬತ್ತಿ ಮಾಡಿ, ಗಟ್ಟಿ ಎಮ್ಮಿ ಹಾಲಾಗ ಅದ್ದಿ, ನಾಕಕ್ಕೂ ಚೀಪಿಸಿದ್ಳು. ಮೂರು ದಿನದಾಗ ಮೂರು ಮರಿ ಉಚ್ಚಿಕೊಂಡು ಉಚ್ಚಿಕೊಂಡು ಸತ್ವು. ಮೂರನ್ನೂ ಹಿತ್ತಲದಾಗ ತಾನ ಹುಗಿದ್ಳು. ಹುಗಿದು ಬಂದು ಕೈ ತೊಳಕೊಂಡು ನಾಲ್ಕನೇದನ್ನ ಸೆರಗಿನ್ಯಾಗ ಸುತ್ತಿಕೊಂಡು ಸೀದಾ ದನದ ದವಾಖಾನಿಗೆ ನಡದ್ಳು. ಇದೊಂದು ಸಾಯಬಾರದು, ಇದು ಸತ್ರ ನಾಕೂ ನನ್ನ ಕೈಯಾಗ ಸತ್ತಂಗ, ಅಂತ ಆಕಿ ಮನಸ್ನ್ಯಾಗ ಗಟ್ಟಿ ಮಾಡಿಕೊಂಡಿದ್ಳು.

ದವಾಖಾನಿ ಮುಂದ ಎಮ್ಮಿ, ಎತ್ತು, ಆಡು ಹಿಡಕೊಂಡು ನಿಂತ ಗಂಡಸರು ಸೆರಗಿನ್ಯಾಗಿಂದ ಬೆಕ್ಕು ಹೊರಗ ಬಂದದ್ದು ನೋಡಿ ನಕ್ಕರು.

“ನಗಾಕ ಏನಾಗೇತಿ ನಿಮಗ? ಇದಕ್ಕ ಜೀವ ಇಲ್ಲೇನು? ಹಾಲು ಹಿಂಡಿದ್ರ ಅಷ್ಟ ಜೀವಾ, ಇಲ್ಲಂದ್ರ ಕಸಾ?” ಅಂತ ಆಕಿ ಸಾಲಿಗೆ ಸಾಲನ ಝಾಡಿಸಿದ್ಳು. ನಕ್ಕವರು ತಮ್ಮ ತಮ್ಮ ಎತ್ತಿನ ಮೂಗುದಾಣ ನೋಡಿಕೋತ ನಿಂತ್ರು.

ಕಂಪೌಂಡರ್ ಭೀಮಶ್ಯಾ ನಗಲಿಲ್ಲ. ಮರಿ ತೊಗಲು ಎರಡು ಬಟ್ಟಿನಾಗ ಹಿಡದು ಎತ್ತಿ ಬಿಟ್ಟ. ಅದು ಎತ್ತಿದಲ್ಲೇ ನಿಂತ್ಕೊಂಡಿತು, ಜಲ್ದಿ ಇಳೀಲಿಲ್ಲ.

“ಮೈಯಾಗಿನ ನೀರೆಲ್ಲಾ ಹೋಗೇತ್ರಿ ಅಕ್ಕಾರ. ಏನ ಹಾಕಾಕತ್ತೀರಿ?”

“ಹಾಲಪಾ. ಮತ್ತೇನ ಹಾಕ್ತಾರ ಕೂಸಿಗೆ?”

“ಅದ ಆಗೇತಿ ನೋಡ್ರಿ. ಎಮ್ಮಿ ಹಾಲು ಕರುವಿಂದ್ರಿ, ಇದರದ್ದಲ್ಲ. ಇದಕ್ಕ ಅರಗಂಗಿಲ್ಲ. ಒಂದ ಹನಿ ಸುದ್ದಾ ಹಾಕಬ್ಯಾಡ್ರಿ. ಕುದಿಸಿ ಆರಿಸಿದ ನೀರಿಗೆ ಚಿಟಿಕಿ ಉಪ್ಪು, ತುಸು ಸಕ್ರಿ, ತಾಸಿಗೊಮ್ಮೆ ನಾಕ ನಾಕ ಹನಿ. ಬೆಚ್ಚಗ ಇಡ್ರಿ. ನಾಳಿಗೆ ತೆಳ್ಳನ ಗಂಜಿ. ಆಮ್ಯಾಲ ಮೈಯಾಗ ಶಕ್ತಿ ಬರಾಕ...” ಅಂದವ ಆಕಿ ಹಣಿಮ್ಯಾಲಿನ ಇಬತ್ತಿ ನೋಡಿ ತಡದ.

“ಏನು? ಹೇಳಪಾ.”

“ಕುದಿಸಿದ ತತ್ತಿ ಬೇಕ್ರಿ. ನಿಮ್ಮನ್ಯಾಗ ನಡಿಯಂಗಿಲ್ಲ.”

ನಡಿಯಂಗಿಲ್ಲ ಖರೇ. ಆ ಮನಿ ಹೊಸ್ತಿಲಾ ತತ್ತಿ ಅನ್ನೂದು ಎಂದೂ ದಾಟಿರಲಿಲ್ಲ. ಹೊನ್ನವ್ವ ಅದಕ್ಕೂ ದಾರಿ ಹುಡುಕಿದ್ಳು. ಬಾಜೂ ಮನಿ ಲಾಲಬಿ ಕಟ್ಟಿಮ್ಯಾಲ ದಿನಾ ಎರಡು ಹೊತ್ತು ಮರಿ ಒಯ್ದು ಕುಂದರೂದು, ಲಾಲಬಿ ತನ್ನ ಕೈಲೆ ತತ್ತಿಯೊಳಗಿನ ಹಳದಿ ಕಿವಿಚಿ ತಿನಿಸೂದು, ಹೊನ್ನವ್ವ ಸೆರಗು ಮೂಗಿಗೆ ಹಿಡಕೊಂಡು ಆ ಕಡೆ ಮುಖಾ ಮಾಡಿ, “ತಿಂತೇನ? ಎಷ್ಟ ತಿಂತು? ಇನ್ನಾ ತಿನ್ನಸ” ಅಂತ ಕೇಳೂದು.

“ನೀನ ನೋಡ ಬಾ ಅಕ್ಕಾ, ಹೆಂಗ ನೆಕ್ಕತೈತಿ,” ಅಂತ ಲಾಲಬಿ ನಗ್ತಿದ್ಳು.

“ನಾ ಯಾಕ ನೋಡ್ಲಿ? ಬಾಯಿ ವರಿಸಿ ಕೊಡು. ಮನ್ಯಾಗ ವಾಸನಿ ಬಂದ್ರ ನಮ್ಮವ್ರು ಮೂರ ದಿನಾ ಉಪಾಸ ಕುಂದರ್ತಾರ.”

ಹಗಲೆಲ್ಲಾ ಆಕಿದು ಅದ ಕೆಲಸ. ಮಗನ ಪೆನ್ನಿಗೆ ಶಾಯಿ ಹಾಕೂ ಫಿಲ್ಲರ್ ಕುದಿನೀರಾಗ ತೊಳದು, ಮರಿ ಬಾಯಿ ಓರೆಯಿಂದ ಹನಿ ಹನಿ ನೀರು ಬಿಡೂದು. ಬಿಸಿನೀರ ಬಾಟ್ಲಿಗೆ ಹಳೇ ಧೋತರ ಸುತ್ತಿ ಬುಟ್ಟ್ಯಾಗ ಇಡೂದು. ಹಸಿ ಅರಿವಿಲೆ ಹಿಂಬದಿ ವರಸೂದು. ಸಂಜಿಕ ಮರಿ ಕಣ್ಣಾಗ ಬೆಳಕು ಬರ್ತಿತ್ತು, ಕಿವಿ ನೆಟ್ಟಗಾಗ್ತಿದ್ವು, ಗುರುಗುರು ಅಂತಿತ್ತು. ಮುಂಜಾನೆ ಎದ್ದು ನೋಡಿದ್ರೂ ಛಲೋ ಇರ್ತಿತ್ತು. ಹತ್ತಕ್ಕ ನೋಡಿದ್ರ ಮತ್ತ ಬುಟ್ಟಿ ತುಂಬ ಹೊಲಸು. ಒಂದ ದಿನ ಅಲ್ಲ, ಎರಡ ದಿನ ಅಲ್ಲ, ನಾಕು ದಿನ ಹಿಂಗ. ತಲಿ ಕೆಡದ ಏನಾಗತೈತಿ?

ಹಾಲು ಯಾರೋ ಹಾಕಾಕತ್ತಾರ. ಅಷ್ಟು ಖಾತ್ರಿ. ಹೊನ್ನವ್ವ ಹಾಲಿನ ಗಡಿಗಿ ನೆಲುವಿಗೆ ಏರಿಸಿದ್ಳು. ಆದ್ರೂ ನಿಲ್ಲಲಿಲ್ಲ. ಹಿಂಡಿದ ಹಾಲೆಲ್ಲಾ ಹಿಂಡಿದ ಕೂಡಲೆ ಡೈರಿಗೆ ಕಳಿಸಿದ್ಳು. ಆದ್ರೂ ನಿಲ್ಲಲಿಲ್ಲ. ಮನ್ಯಾಗ ಉಳಿದದ್ದು ಗಂಡ ಖಂಡೆಪ್ಪನ ಪೂಜಿಗೆ ಆಕಿ ದಿನಾ ಇಡೂ ಎಡಿಯ ಬೆಳ್ಳಿ ಬಟ್ಟಲದ್ದೊಂದ. ಅದು ಕೊಳ್ಳಾಗಿನ ಲಿಂಗಯ್ಯಂದು, ಅದರ ಲೆಕ್ಕಾನ ಬ್ಯಾರೆ. ಮಗ ಸಿದ್ದಲಿಂಗ ಮುಳವಾಡದ ಸಾಲಿಗೆ ಮಾಸ್ತರ, ಏಳೂವರಿ ಬಸ್ಸಿಗೆ ಹೋದವ ಸಂಜಿಕ ಬರಾಂವ. ಉಳದಾಕಿ ಯಾರು? ಸೊಸಿ.

“ನಿಮ್ಮವ್ವ ಯಂಕಂಚಿ ತವರಮನ್ಯಾಗ ಇದ ಕಲಿಸ್ಯಾಳೇನ ನಿನಗ? ಹಿರ್ಯಾರು ಹೇಳಿದ್ದು ಈ ಕಿವ್ಯಾಗ ಹಾಕ್ಕೊಂಡು ಆ ಕಿವ್ಯಾಗ ಬಿಡು ಅಂತ?”

“ಇಲ್ರಿ ಅತ್ತಿ.”

“ಎದುರಿಗೆ ಇಲ್ರಿ ಅತ್ತಿ, ಹಿಂದ ಹಾಲು! ಒಂದು ಮೂಕ ಜೀವದ ಮ್ಯಾಲ ನನ್ನ ಮ್ಯಾಲಿನ ಸಿಟ್ಟು ತೀರಸ್ಕೊಳ್ಳಾಕತ್ತಿ? ಸಿಟ್ಟಿದ್ರ ನನಗ ಬೈಯ. ಧೈರ್ಯ ಇಲ್ಲೇನು?”

ವಿದ್ಯಾವತಿ ಕಣ್ಣಾಗ ನೀರು ತುಂಬಿದ್ವು. ಆಕಿ ರೊಟ್ಟಿ ಬಡಿಯೂದು ನಿಲ್ಲಸಲಿಲ್ಲ. ಖಂಡೆಪ್ಪ ಪಡಸಾಲ್ಯಾಗ ಕೆಮ್ಮಿದ, ಏನೋ ಹೇಳಾವ ಇದ್ದ, ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕ ಹೋದ. ಯಾವಾಗಲೂ ಅಂವ ಹಿಂಗ, ಮನ್ಯಾಗ ಬೆಂಕಿ ಬಿದ್ರೂ ಹೊಲಕ್ಕ ಹೋಗಾಂವ, ಅಂತ ಹೊನ್ನವ್ವ ಅವನ ಬೆನ್ನಿಗೂ ನಾಕು ಮಾತು ಹಾಕಿದ್ಳು.

ಐದನೇ ದಿನ ಭೀಮಶ್ಯಾ ಸೈಕಲ್ ಮ್ಯಾಲ ಹೊಂಟಾವ ತಾನ ಇಳದು ಬಂದು ನೋಡಿದ. ಮರಿ ತಲಿ ಎತ್ತಲಿಲ್ಲ. ಒಸಡು ಮುಟ್ಟಿ ನೋಡಿದ, ಬೆಳ್ಳಗಾಗಿದ್ವು.

“ಅಕ್ಕಾರ, ಖರೇ ಹೇಳ್ತೇನಿ. ನೀವು ಸಂಜಿತನಾ ಕಟ್ಟಿದ್ದನ್ನ ಯಾರೋ ಮುಂಜಾನೆ ಕೆಡವಾಕತ್ತಾರ. ಇನ್ನೊಂದ ಸಲ ಹಾಲು ಬಿತ್ತಂದ್ರ ನನ್ನ ಹತ್ರ ತರಬ್ಯಾಡ್ರಿ. ತಂದೂ ಉಪಯೋಗಿಲ್ಲ.”

ಹೊನ್ನವ್ವ ಅವತ್ತ ಬೈಯೂದಕ್ಕೂ ಶಕ್ತಿ ಇಲ್ಲದಂಗ ಕುಂತು, ತಾಸಿಗೆ ಎರಡು ಸಲ ನೀರು ಹಾಕಿದ್ಳು. ಸಂಜಿಕ ಮರಿ ಒಂದ ಸಲ ಕಣ್ಣು ತೆರೀತು.

ಮರುದಿನ ಮುಂಜಾನೆ ಆಕಿ ಒಂದು ಆಟ ಹೂಡಿದ್ಳು. ಖಂಡೆಪ್ಪನ ಪೂಜಿಗೆ ಎಲ್ಲಾ ಅಣಿ ಮಾಡಿ, ಬೆಳ್ಳಿ ಬಟ್ಟಲದಾಗ ಹಾಲು ಹಾಕಿ, ಎರಡು ಚಮಚ ಸಕ್ರಿ ತಿರುವಿ ಇಟ್ಟು, “ಲಾಲಬಿ ಮನಿಗೆ ಹೋಗಿ ಬರ್ತೇನಿ, ತಡಾ ಆಗತೈತಿ” ಅಂತ ದೊಡ್ಡ ದನಿಲೆ ಹೇಳಿ ಹೊರಗ ಹೋದ್ಳು. ಹೋಗಿ, ಹಿತ್ತಲ ಬಾಗಿಲದಿಂದ ಚಪ್ಪಲಿ ಕೈಯಾಗ ಹಿಡಕೊಂಡು ಒಳಗ ಬಂದ್ಳು. ಇವತ್ತ ಸೊಸಿನ ಹಿಡದು ಓಣಿಗೆಲ್ಲಾ ತೋರಸ್ಬೇಕು ಅಂತ ಹಲ್ಲು ಕಚ್ಚಿದ್ಳು.

ಬುಟ್ಟ್ಯಾಗ ಮರಿ ಇರಲಿಲ್ಲ. ದೇವರ ಕೋಣಿ ಬಾಗಿಲದಾಗ ವಿದ್ಯಾವತಿ, ತಲಬಾಗಿಲ ಕಡೆ ಮುಖಾ ಮಾಡಿ, ಕಾವಲು ನಿಂತಂಗ ನಿಂತಿದ್ಳು. ಹಿಂದಿಂದ ಬಂದ ಅತ್ತಿನ ನೋಡಿದಾಕಿನ “ಮಾವಾರ!” ಅಂದ್ಳು.

ಒಳಗ ಖಂಡೆಪ್ಪ. ಹಣಿತುಂಬ ಇಬತ್ತಿ, ಬರಿಮೈ, ಆಗಷ್ಟ ಪೂಜಿ ಮುಗಿಸಿ ಲಿಂಗ ಕಟ್ಟಿಕೊಂಡಿದ್ದ. ಅವನ ಮಡ್ಲಾಗ ಮರಿ. ಮರಿ ಮುಂದ ಬೆಳ್ಳಿ ಬಟ್ಟಲಾ.

ಹೊನ್ನವ್ವ ಮೊದಲು ಮರಿ ಕಸಗೊಂಡ್ಳು. ಇನ್ನಾ ಮೂತಿ ಹಚ್ಚಿರಲಿಲ್ಲ, ಮೀಸಿ ಒಣಗೇ ಇದ್ವು. ಅದನ್ನ ನೋಡಿದ ಮ್ಯಾಲ ಬಾಯಿ ತೆರದ್ಳು.

“ಶಿವನ! ಕೊಳ್ಳಾಗ ಲಿಂಗಾ ಕಟ್ಟಿಕೊಂಡು ಜೀವಾ ತಗೀತೀರಿ? ಆರು ದಿನ ಆತು! ಆರು ದಿನ ನಾ ಇದರ ಹೇಲು ಬಳದೇನಿ, ನೀವು ಇಲ್ಲೆ ಕುಂತು ಇದಕ್ಕ ಪಾಯಸಾ ಉಣಸಾಕತ್ತೀರಿ?”

“ಪ್ರಸಾದ ಐತಿ,” ಅಂದ ಖಂಡೆಪ್ಪ. “ಪ್ರಸಾದ ಏನೂ ಮಾಡಂಗಿಲ್ಲ ಅಂತ ತಿಳಕೊಂಡೆ.”

“ಪ್ರಸಾದಾ ನೀವು ತಗೊಳ್ಳೂದು! ಬೆಕ್ಕಿಗ್ಯಾಕ?”

ಅಂವ ಬಟ್ಟಲಾ ಹಿಂದ ಸರಿಸಿದ. ವಿದ್ಯಾವತಿನ ಅಂದ್ಳು, ಗ್ವಾಡಿ ನೋಡಿಕೋತ: “ಮಾವಾರಿಗೆ ಸಕ್ರಿ ಬ್ಯಾನಿ ಐತ್ರಿ ಅತ್ತಿ. ಎರಡು ತಿಂಗಳಾತು. ವಿಜಾಪುರಕ್ಕ ಕಣ್ಣು ತೋರಸಾಕ ಹೋದಾಗ ರಕ್ತ ನೋಡಿ ಹೇಳ್ಯಾರ. ಸಕ್ರಿ, ಬೆಲ್ಲಾ ಮುಟ್ಟಬ್ಯಾಡ್ರಿ, ಬರಬರತ ಕಾಲಿನ ಸ್ಪರ್ಶ ಹೋಗತೈತಿ ಅಂದಾರ.”

“ಮೊದಲ ತಾಯಿ ಬೆಕ್ಕು ಕುಡೀತಿತ್ತು,” ಅಂದ ಖಂಡೆಪ್ಪ ಸಣ್ಣ ದನಿಲೆ. “ಅದು ಸತ್ತ ಮ್ಯಾಲ ಇದು ಸಿಕ್ತು. ಚೆಲ್ಲಾಕ ಬರಂಗಿಲ್ಲ, ಮಣ್ಣಿಗೆ ಹಾಕಾಕ ಬರಂಗಿಲ್ಲ. ನೀನ ಹೇಳಾಕಿ.”

“ಬಟ್ಟಲದಾಗ ಸಕ್ರಿ ಹಾಕಬ್ಯಾಡಲೇ ಅಂತ ನನಗ ಹೇಳಾಕ ಏನ ಧಾಡಿ ಆಗಿತ್ತು?”

“ಹೇಳಿದ್ರ ನೀ ಬೈತಿದ್ದಿ.”

“ಬೈತಿದ್ದೆ! ಸಾಯೂತನಾ ಬೈತೇನಿ! ಚಹಾದಾಗ ಸಕ್ರಿ, ಹೋಳಿಗಿ ಮ್ಯಾಲ ತುಪ್ಪಾ, ಎಲ್ಲಾ ನನ್ನ ಕೈಲೆ ಹಾಕಿಸ್ಕೊಂಡು ಎಲ್ಲೆಲ್ಲೆ ಚೆಲ್ಲಿ ಬಂದೀರಿ? ಮೂವತ್ತೆರಡು ವರ್ಷ ನಿಮ್ಮ ಮನಿ ಒಲಿ ಹಚ್ಚೇನಿ ನಾ. ಸೊಸಿಗೆ ಗೊತ್ತು, ಬೆಕ್ಕಿಗೆ ಗೊತ್ತು, ನನಗ ಗೊತ್ತಿಲ್ಲ! ನಾ ಏನ ಈ ಮನ್ಯಾಗ ದುಡಿಯಾಕ ಬಂದ ಆಳ?” ಆಮ್ಯಾಲ ಸೊಸಿ ಕಡೆ ತಿರಗಿದ್ಳು. “ನಿನಗರ ಬಾಯಿ ಇರಲಿಲ್ಲೇನು? ನಾ ನಿಮ್ಮವ್ವಗ ಅಂದ್ರೂ ಕೇಳ್ಕೋತ ನಿಂತಿ!”

“ಮಾವಾರು ಆಣಿ ಹಾಕ್ಸಿದ್ರು.”

“ಸುಡ್ಲಿ ನಿಮ್ಮ ಆಣಿ!” ಅಂದ್ಳು ಹೊನ್ನವ್ವ. ತನ್ನ ಮುಖಾ ಯಾರೂ ನೋಡಬಾರದು ಅಂತ ಮರಿ ಎತ್ತಿಕೊಂಡು ಲಾಲಬಿ ಕಟ್ಟಿಗೆ ಹೋಗಿ ಕುಂತ್ಳು. ಆಕಿಗೆ ಸಿಟ್ಟು ಬಂದಿತ್ತು, ನಾಚಿಕಿ ಬಂದಿತ್ತು, ಎರಡಕ್ಕಿಂತ ಹೆಚ್ಚು ಅಂಜಿಕಿ ಬಂದಿತ್ತು. ಎರಡು ತಿಂಗಳಿಂದ ದಿನಾ ಮುಂಜಾನೆ ಆ ಎರಡು ಚಮಚ ತಿರುವಿದ್ದು ತನ್ನ ಕೈ. ಅಂವ ಕುಡದಿದ್ರ?

ಅವತ್ತಿಂದ ಎಡಿಗೆ ಬರೇ ನೀರು, ಒಂದು ಬಿಲ್ಪತ್ರಿ. ಸೊಸಿಗೆ ತಪ್ಪಾತು ಅನ್ನಾಕ ಹೊನ್ನವ್ವನ ನಾಲಿಗಿ ತಿರಗಲಿಲ್ಲ. ಅದರ ಬದಲಿ ಆಕಿನ್ನ ಒಲಿ ಮುಂದಿಂದ ಎಬ್ಬಿಸಿ, “ಸರಿ ಆ ಕಡೆ, ದಿನಾ ನೀನ ಬಡದ್ರ ಏನ ಚಂದ” ಅಂತ ತಾನ ರೊಟ್ಟಿ ಬಡದು, ಮೊದಲನೇ ಬಿಸಿ ರೊಟ್ಟಿಗೆ ಬೆಣ್ಣಿ ಇಟ್ಟು ಆಕಿ ತಾಟಿಗೆ ಒಗದ್ಳು. ವಿದ್ಯಾವತಿ ತಿಂದ್ಳು. ಅಷ್ಟಕ್ಕ ಅದು ಮುಗೀತು ಅಂತಲ್ಲ, ಆದ್ರ ಮಾತು ಶುರು ಆದ್ವು.

ಮರಿ ಎರಡು ದಿನ ಹಂಗ ಇತ್ತು. ಮೂರನೇ ದಿನ ಬುಟ್ಟ್ಯಾಗ ಸಣ್ಣದೊಂದು ಗಟ್ಟಿ ಹಿಕ್ಕಿ ಬಿದ್ದಿತ್ತು. ಹೊನ್ನವ್ವ ಅದನ್ನ ನೋಡಾಕ ಲಾಲಬಿನ್ನೂ ಕರದ್ಳು, ದಾರ್ಯಾಗ ಹೊಂಟ ಭೀಮಶ್ಯಾನ್ನೂ ಸೈಕಲ್ ಇಳಿಸಿದ್ಳು. ಅಂವ ನೋಡಿ, “ಇನ್ನ ಇದು ಸಾಯಂಗಿಲ್ರಿ ಅಕ್ಕಾರ” ಅಂದ. ಅವನಿಗೆ ಸಕ್ರಿ ಹಾಕಿದ ಚಹಾ ಸಿಕ್ತು. ಪಡಸಾಲ್ಯಾಗ ಖಂಡೆಪ್ಪಗ ಸಕ್ರಿ ಇಲ್ಲದ ಕಡು ಚಹಾ, ಜೋಡಿಗೆ ಬೈಗಳ.

ಬೈಗಳ ಹದಿನೈದು ದಿನ ನಿಲ್ಲಲಿಲ್ಲ. ಗುಳಿಗಿ ಕೊಡೂಮುಂದ ಬೈಗಳ, ಅನ್ನ ತಗದು ರೊಟ್ಟಿ ಹಾಕೂಮುಂದ ಬೈಗಳ. ಖಂಡೆಪ್ಪ ತಲಿ ತಗ್ಗಿಸಿ ಉಣ್ತಿದ್ದ. ಮರಿ ಈಗ ಮನಿತುಂಬ ಓಡ್ಯಾಡ್ತಿತ್ತು, ಸಿಕ್ಕದ್ದು ಕಚ್ತಿತ್ತು, ವಿದ್ಯಾವತಿಯ ಎರಡು ಕುಪ್ಪಸ ಹರದಿತ್ತು.

ಒಂದು ಐತವಾರ ಮಧ್ಯಾಹ್ನ ಖಂಡೆಪ್ಪ ಕಟ್ಟಿಮ್ಯಾಲ ಕಾಲು ಇಳಿಬಿಟ್ಟು ಪೇಪರ್ ಓದಾಕತ್ತಿದ್ದ. ಹೊನ್ನವ್ವ ಎದುರಿಗೆ ಕುಂತು ತೊಗರಿಬ್ಯಾಳಿ ಹಸನ ಮಾಡಿಕೋತ, ಅಂವ ಲಗ್ನದ ಮನ್ಯಾಗ ಕದ್ದು ತಿಂದ ಒಂದು ಉಂಡಿ ಮ್ಯಾಲ ಬೈಯಾಕತ್ತಿದ್ಳು. ಮರಿ ಕೆಳಗ ಅವನ ಬಲಗಾಲಿನ ಹೆಬ್ಬಟ್ಟು ಹಿಡಕೊಂಡು ಆಡಾಕತ್ತಿತ್ತು.

“ಅಷ್ಟ ಬಾಯಿ ಚಪಲಾ ಇದ್ರ...” ಅಂದಾಕಿ ಅಲ್ಲೇ ತಡದ್ಳು.

ಮರಿ ಆಡಾಕತ್ತಿರಲಿಲ್ಲ. ನಾಕೂ ಕಾಲು ಊರಿ, ಸೂಜಿಯಂಥ ಹಲ್ಲು ನೆಟ್ಟು, ಬಟ್ಟಿನ ಸಂದಿಯೊಳಗಿಂದ ಏನೋ ಜಗ್ಗಾಕತ್ತಿತ್ತು. ಕಲ್ಲಿನ ಮ್ಯಾಲ ರಕ್ತದ ಹನಿ ಬಿದ್ದಿದ್ವು. ಖಂಡೆಪ್ಪ ಪೇಪರಿನ ಹಾಳಿ ತಿರುವಿದ.

ಹೊನ್ನವ್ವ ಬ್ಯಾಳಿ ಮೊರ ಕೆಳಗಿಟ್ಟು ಎದ್ದು ಬಂದ್ಳು. ಮರಿ ಸರಿಸಿ ಅವನ ಪಾದ ಎತ್ತಿ ತನ್ನ ತೊಡಿಮ್ಯಾಲ ಇಟ್ಟುಕೊಂಡ್ಳು. ಹೆಬ್ಬಟ್ಟಿನ ಬುಡಕ್ಕ ಜಾಲಿಮುಳ್ಳಿನ ಮುರಕು ನಟ್ಟಿತ್ತು. ಇವತ್ತ ನಿನ್ನೆದ್ದಲ್ಲ. ಸುತ್ತ ಕರ್ರಗಾಗಿತ್ತು, ಒಳಗ ಕೀವು ತುಂಬಿತ್ತು. ಆಕಿ ಉಗುರಿಲೆ ಒತ್ತಿದ್ಳು.

“ಇಲ್ಲಿ?”

“ಏನ ಇಲ್ಲಿ?”

ಇನ್ನಾ ಜೋರಲೆ ಒತ್ತಿದ್ಳು. “ಈಗ?”

“ಮುಟ್ಟಿದಿ ಏನ?” ಅಂದ ಖಂಡೆಪ್ಪ, ಪೇಪರ್ ಮ್ಯಾಲಿಂದ ಕಣ್ಣು ತಗೀದ.

ಅಂವ ಪೇಪರ್ ಇಳಿಸಿದ. ಹೊನ್ನವ್ವ ಅವನ ಪಾದ ಎರಡೂ ಕೈಲೆ ಹಿಡಕೊಂಡು ಕುಂತಿದ್ಳು. ಬಾಯಿ ತೆರದಿತ್ತು, ಮಾತು ಹೊಂಟಿರಲಿಲ್ಲ.

“ಯಾಕಲೇ? ಏನಾಗೇತಿ ಅಲ್ಲಿ?” ಖಂಡೆಪ್ಪನ ಮುಖದ ಬಣ್ಣ ಇಳೀತು. “ಸುಮ್ಮ ಕುಂದರಬ್ಯಾಡ. ಬೈಯ ಹೊನ್ನಿ... ಒಂದ್ ಸಲ ಬೈಯ.”