ಇಮಾಮಬಿಯ ಬೆನ್ನೇರಿದ ಸುಹಾನಾ

ಹನ್ನೆರಡು ಕಿಲೋ ಜೋಳದ ಚೀಲ ಭಾರವಾದರೆ ಇಳಿಸಿ ಗೋಡೆಗೆ ಒರಗಿಸಬಹುದು. ಹನ್ನೆರಡು ಕಿಲೋ ಮೊಮ್ಮಗಳನ್ನು ಇಳಿಸಿ ನೋಡಿ, ಓಣಿಗೆ ಓಣಿಯೇ ಎದ್ದು ಬರುತ್ತದೆ. ಸವಣೂರಿನ ಇಮಾಮಬಿಯ ಕಷ್ಟ ಇದೇ ಆಗಿತ್ತು. ಮೊಮ್ಮಗಳು ಸುಹಾನಾಗೆ ಒಂದು ವರ್ಷ ನಾಲ್ಕು ತಿಂಗಳು. ನಡೆಯಲು ಬರುತ್ತಿತ್ತು. ಆದರೆ ಅಜ್ಜಿಯ ಬಗಲು ಇರುವಾಗ ಕಾಲು ಯಾಕೆ ಸವೆಸಬೇಕು ಎಂಬುದು ಅದರ ವಾದ.

ಸೊಸೆ ನುಜಹತ ಒಂಬತ್ತಕ್ಕೆಲ್ಲ ಹೊಲಿಗೆ ಕೆಲಸಕ್ಕೆ ಹೊರಡುತ್ತಿದ್ದಳು. ಮಗ ಶಾಹಬಾಜ ಅದಕ್ಕೂ ಮೊದಲೇ ಟೆಂಪೋ ತೆಗೆದುಕೊಂಡು ಹೋಗಿರುತ್ತಿದ್ದ. ಆಮೇಲೆ ಇಮಾಮಬಿ ಸುಹಾನಾಳನ್ನು ಎಡಬಗಲಿಗೆ ಏರಿಸಿಕೊಂಡು, ಓಣಿ ದಾಟಿ ವೀಳ್ಯದೆಲೆ ಬಳ್ಳಿಯ ತೋಟಕ್ಕೆ ನಡೆಯುತ್ತಿದ್ದಳು. ನಲವತ್ತು ವರ್ಷ ಅಲ್ಲಿ ಎಲೆ ಕೊಯ್ದವಳು. ಈಗ ಏಣಿ ಹತ್ತುವ ಕಾಲವಲ್ಲ, ಆದರೂ ದಿನಕ್ಕೊಮ್ಮೆ ಆ ನೆರಳಿಗೆ ಹೋಗದಿದ್ದರೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಅಲ್ಲಿ ಅವಳ ಬಾಲ್ಯವೆಲ್ಲ ಇತ್ತು. ತಾಯಿ ಅಖ್ತರುನ್ನೀಸಾ ಹಸಿರು ಚಾದರದಲ್ಲಿ ಪುಟ್ಟ ಇಮಾಮಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಳ್ಳಿಯ ಸಾಲಿನಲ್ಲಿ ಎಲೆ ಕೊಯ್ಯುತ್ತಿದ್ದಳು. ಒದ್ದೆ ಮಣ್ಣಿನ ವಾಸನೆ, ಎಲೆಯ ಖಾರ ವಾಸನೆ, ಅವ್ವನ ಬೆನ್ನಿನ ಬೆವರು, ಎಲ್ಲ ಸೇರಿ ಒಂದೇ ನೆನಪಾಗಿ ಉಳಿದಿತ್ತು. ಅದೇ ನೆನಪನ್ನು ಸುಹಾನಾಗೂ ಕೊಡಬೇಕು ಎಂಬುದು ಅಜ್ಜಿಯ ಆಸೆ. ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ ಎಂದು ಸುಮ್ಮನಿದ್ದಳು.

ಟೊಂಕ ಮಾತ್ರ ಸುಮ್ಮನಿರಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ನೋವು ಎಡಗಾಲಿಗೆ ಇಳಿಯಿತು. ಶಾಹಬಾಜ ಹುಬ್ಬಳ್ಳಿಗೆ ಹೋದಾಗ ಕೂಸು ಹೊರುವ ಚೀಲವೊಂದನ್ನು ತಂದುಕೊಟ್ಟ. ಎರಡು ದಿನ ಹಾಕಿಕೊಂಡಳು, ಹೆಗಲು ಕಿತ್ತುಬಂದ ಹಾಗಾಯಿತು. ಮೂರನೇ ದಿನ ಅದು ಗೂಟಕ್ಕೆ ಏರಿತು. ಮೊಮ್ಮಗಳು ಮತ್ತೆ ಬಗಲಿಗೆ ಏರಿದಳು.

ಒಂದು ಸೋಮವಾರ ತೋಟದ ಬದುವಿನ ಮೇಲೆ ಇಮಾಮಬಿಯ ಕಾಲು ಸಟಕ್ಕನೆ ಸೋತಿತು. ಕೂಸು ಕೆಳಗೆ ಬೀಳಲಿಲ್ಲ, ಆದರೆ ಅದರ ಹಣೆ ನುಗ್ಗೆಮರಕ್ಕೆ ಉಜ್ಜಿ ಕೆಂಪಾಯಿತು. ಸಂಜೆ ಅದನ್ನು ಕಂಡ ನುಜಹತ ಕೂಗಾಡಲಿಲ್ಲ. ಸುಹಾನಾಳ ಬಟ್ಟೆಗಳನ್ನು ಒಂದೊಂದೇ ಮಡಚಿ ಕೈಚೀಲಕ್ಕೆ ತುಂಬತೊಡಗಿದಳು.

"ಅಮ್ಮಾ, ಇನ್ನ ಮ್ಯಾಲ ನೀವು ಕೂಸನ್ನ ಎತ್ತೂದು ಬ್ಯಾಡ. ತಡಸದಾಗ ನಮ್ಮವ್ವನ ಹತ್ರ ಬಿಡ್ತೇನಿ. ರವಿವಾರಕ್ಕೊಮ್ಮೆ ಕರ್ಕೊಂಡ ಬರ್ತೇನಿ."

"ಬಿಡು, ನಿನ್ನ ಕೂಸು," ಎಂದಳು ಇಮಾಮಬಿ. ಮಾತು ಇಷ್ಟೇ. ಆದರೆ ಆ ರಾತ್ರಿ ಅವಳು ರೊಟ್ಟಿಯ ತಾಟನ್ನು ಮುಟ್ಟಲಿಲ್ಲ. ಸುಹಾನಾ ಇಲ್ಲದ ಮನೆಯಲ್ಲಿ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ಅವಳಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ, ತಡಸಕ್ಕೆ ಹೊರಡುವ ಮೊದಲೇ, ಆಶಾ ಕಾರ್ಯಕರ್ತೆ ತನುಜಾ ಬಂದಳು. ಹಂಸಭಾವಿಯ ಮಗಳು, ಸವಣೂರಿನ ಸೊಸೆ. ಸುಹಾನಾಗೆ ಹದಿನಾರು ತಿಂಗಳ ಲಸಿಕೆ ಬಾಕಿ ಇತ್ತು, ಅದನ್ನು ನೆನಪಿಸಲು ಬಂದವಳು. ಬಾಗಿಲಲ್ಲಿದ್ದ ಬಟ್ಟೆಯ ಚೀಲ ನೋಡಿದಳು. ಅತ್ತೆ ಒಂದು ದಿಕ್ಕಿಗೆ, ಸೊಸೆ ಒಂದು ದಿಕ್ಕಿಗೆ ಮುಖ ಮಾಡಿದ್ದನ್ನೂ ನೋಡಿದಳು. ಮೆಲ್ಲಗೆ ಕೆದಕಿದಾಗ ನುಜಹತ ಎಲ್ಲ ಹೇಳಿದಳು.

"ಗೂಟಕ್ಕ ಚೀಲ ಐತೆಲ್ಲ, ಅದನ್ಯಾಕ ಹಾಕ್ಕೊಳ್ಳವಲ್ರಿ ಚಾಚಿ?"

"ಅದು ಪ್ಯಾಟಿ ಮಂದಿ ಶೋಕಿ ಬಿಡವ್ವ. ನಮ್ಮ ಹೆಗಲಿಗೆ ಆಗಿ ಬರಂಗಿಲ್ಲ."

"ಒಂದ್ಸಲ ಹಾಕ್ಕೊಂಡು ತೋರಸ್ರಿ. ಎತ್ಲಾಗ ನೋಯತೈತಿ ನೋಡೂಣು."

ಇಮಾಮಬಿ ಹೊರಸಿನ ಪಕ್ಕ ನಿಂತು ಚೀಲವನ್ನು ಎದೆಯ ಕಡೆಗೆ ತೊಟ್ಟಳು. ಪಟ್ಟಿಗಳನ್ನೆಲ್ಲ ಉದ್ದಕ್ಕೆ ಸಡಿಲ ಬಿಟ್ಟಳು. ಒಳಗೆ ಕೂತ ಸುಹಾನಾ ಅಜ್ಜಿಯ ಹೊಟ್ಟೆಗಿಂತ ಕೆಳಗೆ ಜೋತುಬಿದ್ದಳು. ಎರಡು ಕಾಲೂ ಗಾಳಿಯಲ್ಲಿ ತೂಗಾಡುತ್ತಿದ್ದವು.

"ಇಷ್ಟ್ಯಾಕ ಸಡ್ಲ ಕಟ್ಟೀರಿ?"

"ಎಳೇದಲ್ಲೇನ. ಬಿಗದ್ರ ನಲುಗತೈತಿ. ಗಾಳಿ ಆಡ್ಲಿ ಅಂತ ಬಿಟ್ಟೇನಿ."

ತನುಜಾಗೆ ನಗು ಬಂತು. ನಲವತ್ತು ವರ್ಷ ಎಳೆಯ ಎಲೆ ಕೊಯ್ದ ಕೈ ಅದು. ಎಲೆ ನಲುಗಬಾರದು ಎಂದು ಸೆರಗಿನ ಉಡಿಯನ್ನು ಸಡಿಲ ಬಿಟ್ಟು ರೂಢಿಯಾದ ಕೈ ಕೂಸನ್ನೂ ಹಾಗೆಯೇ ಕಟ್ಟಿತ್ತು.

"ಚಾಚಿ, ಉಡ್ಯಾಗಿನ ಎಲಿ ಸಡ್ಲ ಇರಬೇಕು, ಖರೆ. ಆದ್ರ ಎಲಿ ಪೆಂಡಿ ಹೊತ್ಕೊಂಡು ಸಂತಿಗೆ ಹೋಗುವಾಗ ಹೆಂಗ ಕಟ್ಟತಿದ್ರಿ?"

"ಬಿಗಿಯಾಗಿ ಕಟ್ಟಬೇಕು. ಬೆನ್ನಿನ ಮ್ಯಾಲಕ್ಕ, ಮೈಗೆ ಹತ್ತಿ ಕುಂದರಬೇಕು. ಕೆಳಗ ಜೋತ್ರ ಹಿಂದಕ ಜಗ್ಗತೈತಿ, ಟೊಂಕ ಮುರೀತೈತಿ."

ಹೇಳಿದ ಮೇಲೆ ಇಮಾಮಬಿ ಬಗ್ಗಿ ಸುಹಾನಾಳ ತೂಗಾಡುವ ಕಾಲು ನೋಡಿದಳು. ತಾನು ಹೇಳಿದ ಮಾತು ತನ್ನ ಕಿವಿಗೇ ಬಿದ್ದಿತ್ತು.

"ನೋಡ್ರಿ, ಉತ್ರ ನಿಮ್ಮ ಹತ್ರನ ಐತಿ," ಎಂದಳು ತನುಜಾ. ಆಮೇಲೆ ಚೀಲದ ಒಳಗಿನ ಚೀಟಿ ತಿರುಗಿಸಿ ಓದಿದಳು. "ತಪ್ಪು ನಿಮ್ಮದಷ್ಟ ಅಲ್ಲ, ಈ ಚೀಲದ್ದೂ ಐತಿ. ಇದು ಒಂಬತ್ತು ಕಿಲೋ ತನಕ ಅಷ್ಟ. ಕುಂದ್ರೂ ಜಾಗ ಒಂದು ಗೇಣೂ ಇಲ್ಲ, ಅದಕ್ಕ ಕಾಲು ಜೋತಾಡಾಕತ್ತಾವ. ಬಟ್ಟಿ ಒಂದು ಮೊಣಕಾಲಿನಿಂದ ಇನ್ನೊಂದು ಮೊಣಕಾಲ ಮಟ ಅಗಲ ಇರಬೇಕು. ಕೂಸು ಕುಕ್ಕರಗಾಲಿನ್ಯಾಗ ಕುಂತಂಗ, ಕುಂಡಿಗಿಂತ ಮೊಣಕಾಲು ತುಸು ಮ್ಯಾಲ."

ಕುಕ್ಕರಗಾಲು ಎಂದದ್ದೇ ತಡ, ಇಮಾಮಬಿ ಕೂಸನ್ನು ಇಳಿಸಿ ಸೊಸೆಗೆ ಕೊಟ್ಟು, ಒಳಗೆ ಹೋಗಿ ಟ್ರಂಕು ತೆಗೆದಳು. ತಳದಿಂದ ಹಸಿರು ಚಾದರ ಹೊರಬಂತು. "ನಮ್ಮವ್ವ ನನ್ನ ಹಿಂಗ ಕಟ್ಟತಿದ್ಲು. ಮೊಣಕಾಲು ಮ್ಯಾಲ, ಗಲ್ಲ ಅಕಿ ಬೆನ್ನಿಗೆ. ನನಗ ಇದೊಂದ ಸಾಕು. ಇದ್ರಾಗ ಕಟ್ಟು."

ತನುಜಾ ಚಾದರವನ್ನು ಬಾಗಿಲ ಬೆಳಕಿಗೆ ಹಿಡಿದಳು. ಹರಿದಿರಲಿಲ್ಲ. ಆದರೆ ನೂಲು ಸವೆದು, ಬಿಸಿಲು ಜರಡಿಯಲ್ಲಿ ಸೋಸಿದ ಹಾಗೆ ಒಳಗೆ ಬರುತ್ತಿತ್ತು.

"ಅರವತ್ತು ವರ್ಷದ ಬಟ್ಟಿ ಚಾಚಿ. ಹನ್ನೆರಡು ಕಿಲೋ ತಡಿಯಾಂಗಿಲ್ಲ. ಗಟ್ಟಿ ಬಟ್ಟಿ ಇದ್ರ, ಕಟ್ಟೂ ರೀತಿ ಬಲ್ಲವರಿದ್ರ, ನಾನ ಬ್ಯಾಡ ಅಂತಿದ್ದಿಲ್ಲ."

ಇಮಾಮಬಿಯ ಕಣ್ಣು ತುಂಬಿದವು. ಅವ್ವ ಎರಡನೇ ಸಲ ತೀರಿಕೊಂಡ ಹಾಗಾಯಿತು ಅವಳಿಗೆ. ನುಜಹತ ಹತ್ತಿರ ಬಂದು ಅತ್ತೆಯ ಭುಜದ ಮೇಲೆ ಕೈ ಇಟ್ಟಳು. ಆ ಚಾದರದ ಕಥೆಯನ್ನು ಅವಳು ಕೇಳಿದ್ದು ಅಂದೇ ಮೊದಲು.

"ಮೊದಲ ದವಾಖಾನಿಗೆ ಹೋಗೂಣು," ಎಂದಳು ತನುಜಾ. "ನೋವು ಕಾಲಿಗೆ ಇಳದೈತಿ, ಅದನ್ನ ತೋರಸ್ದ ಯಾವ ಚೀಲಾನೂ ಬ್ಯಾಡ. ಡಾಕ್ಟರ್ ಹೂಂ ಅಂದ್ರ ನನ್ನ ಚೀಲ ಕೊಡ್ತೇನಿ. ನನ್ನ ಮಗ ಬಸವೇಶನ್ನ ಹೊತ್ತಿದ್ದು, ಹದಿನೈದು ಕಿಲೋ ತಡೀತೈತಿ. ಅವನೇನ ಕಡಿಮಿ ಗುಂಡ ಇದ್ದನ?"

ತಡಸದ ಪ್ರಯಾಣ ಮುಂದಕ್ಕೆ ಹೋಯಿತು. ಆದರೆ ಬಟ್ಟೆಯ ಚೀಲ ಬಾಗಿಲಲ್ಲೇ ಕುಳಿತಿತ್ತು. ತನುಜಾ ಇಮಾಮಬಿಯನ್ನು ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಪರೀಕ್ಷಿಸಿ, ಒಂದೇ ಬಗಲಿಗೆ ಭಾರ ಹೊತ್ತು ಸ್ನಾಯು ಸೋತಿದೆ ಎಂದರು. ಮೂರು ವಾರ ವಿಶ್ರಾಂತಿ, ದಿನಾ ವ್ಯಾಯಾಮ. ಆಮೇಲೆ ಸಪಾಟು ದಾರಿಯಲ್ಲಿ ಅರ್ಧ ತಾಸು ಬೆನ್ನಿಗೆ ಹೊರಬಹುದು, ನೋವು ಬಂದರೆ ತಕ್ಷಣ ಇಳಿಸಬೇಕು ಎಂದು ಹೇಳಿ ಕಳಿಸಿದರು.

ಆ ಮೂರು ವಾರ ನುಜಹತಳೇ ಕೆಲಸಕ್ಕೆ ರಜೆ ಹಾಕಿ ಕೂಸನ್ನು ನೋಡಿಕೊಂಡಳು. ಅದು ಕಳೆದು ಒಂದು ಶುಕ್ರವಾರ ತನುಜಾ ತನ್ನ ಚೀಲ ತಂದಳು. ಮೊದಲು ಬಕಲುಗಳನ್ನು ಜಗ್ಗಿ ನೋಡಿದಳು, ಹೊಲಿಗೆ ನೋಡಿದಳು. ನುಜಹತ ಹೊಲಿಗೆಯವಳು, ಅವಳೂ ಒಂದೊಂದು ಹೊಲಿಗೆಗೆ ಉಗುರು ಹಾಕಿ ಎಳೆದಳು. ಇಮಾಮಬಿಯನ್ನು ಹೊರಸಿನ ಮೇಲೆ ಕೂರಿಸಿ, ಟೊಂಕದ ಅಗಲ ಪಟ್ಟಿಯನ್ನು ಮೊದಲು ಬಿಗಿದರು.

"ಭಾರ ಈ ಪಟ್ಟಿ ಮ್ಯಾಲ ಕುಂದರಬೇಕು, ಹೆಗಲ ಮ್ಯಾಲ ಅಲ್ಲ. ಹೆಗಲಿನ ಪಟ್ಟಿ ಎರಡೂ ಹಾಕ್ಕೊಳ್ರಿ, ಒಂದಕ್ಕ ಜೋತು ಹಾಕ್ಬ್ಯಾಡ್ರಿ. ಕೂಸಿನ ಮೂಗು ಬಾಯಿ ಮುಚ್ಚಬಾರ್ದು, ಗದ್ದ ಎದಿಗೆ ಒತ್ತಬಾರ್ದು. ಏರ್ಸುವಾಗ, ಇಳಸುವಾಗ ಒಬ್ರು ಹಿಂದ ಇರ್ಲಿ."

"ಒಲಿ ಮುಂದ?" ಎಂದು ಕೇಳಿದಳು ನುಜಹತ.

"ಒಲಿ ಮುಂದ ಬ್ಯಾಡ, ಗಾಡಿ ಮ್ಯಾಲ ಬ್ಯಾಡ, ಏಣಿ ಹತ್ರಂತೂ ಬ್ಯಾಡ. ಮತ್ತ ಕುತ್ತಿಗಿ ನಿಲ್ಲದ ಎಳೇ ಕೂಸನ್ನ ಬೆನ್ನಿಗೆ ಕಟ್ಟೂದ ಬ್ಯಾಡ. ಅಂಥಾ ಕೂಸು ಎದಿ ಮ್ಯಾಲ, ಮುಖ ಕಾಣುವಂಗ ಇರಬೇಕು."

ಹಸಿರು ಚಾದರವನ್ನು ನುಜಹತ ನಾಲ್ಕು ಮಡಿಕೆ ಮಾಡಿ ಹೆಗಲಿನ ಪಟ್ಟಿಗಳ ಕೆಳಗೆ ಇಟ್ಟಳು. ಯಾರೂ ಹೇಳಿರಲಿಲ್ಲ, ಅವಳಿಗೇ ಹೊಳೆದದ್ದು.

ಸುಹಾನಾಳನ್ನು ಬೆನ್ನಿಗೆ ಕೂರಿಸಿದ ಮೇಲೆ ಇಮಾಮಬಿ ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತಳು. ಮತ್ತೆ ನಾಲ್ಕು ಇಟ್ಟಳು. ಹನ್ನೆರಡು ಕಿಲೋ ಹನ್ನೆರಡೇ ಇತ್ತು, ಆದರೆ ಈಗ ಅದು ಜಗ್ಗುತ್ತಿರಲಿಲ್ಲ, ಮೈಗೆ ಅಂಟಿ ಕುಳಿತಿತ್ತು. ತೋಟದವರೆಗೂ ನುಜಹತ ಎರಡು ಕೈ ಚಾಚಿಕೊಂಡು ಹಿಂದೆಯೇ ನಡೆದಳು. ಎದುರು ಬಂದವರು ನಕ್ಕರು, ಅವಳು ಕೈ ಇಳಿಸಲಿಲ್ಲ.

ಬಳ್ಳಿಯ ನೆರಳಿಗೆ ಬಂದಾಗ ಸುಹಾನಾ ಅಜ್ಜಿಯ ಬೆನ್ನಿಗೆ ಗಲ್ಲ ಹಚ್ಚಿ ನಿದ್ದೆ ಹೋಗಿದ್ದಳು. ಅವಳ ಜೊಲ್ಲು ರವಿಕೆಯನ್ನು ತೋಯಿಸಿ ತಂಪಾಗಿ ಹರಡಿತು. ಇಮಾಮಬಿ ಅಲ್ಲೇ ನಿಂತಳು. ಅವ್ವನ ಬೆನ್ನಿನ ಮೇಲೆ ಮಲಗುವುದು ಹೇಗಿತ್ತು ಎಂದು ಅವಳಿಗೆ ಗೊತ್ತಿತ್ತು. ಅವ್ವನಿಗೆ ಅದು ಹೇಗಿತ್ತು ಎಂದು ಗೊತ್ತಾದದ್ದು ಈಗ.

"ನೋಯಾಕತ್ತೈತೇನ ಅಮ್ಮಾ?" ನುಜಹತ ಗಾಬರಿಯಿಂದ ಕೇಳಿದಳು.

"ಇಲ್ಲವ್ವ. ನಮ್ಮವ್ವ ನೆನಪಾದ್ಲು."

ಮನೆಗೆ ಬಂದ ನುಜಹತ ಬಾಗಿಲಲ್ಲಿದ್ದ ಕೈಚೀಲ ಬಿಚ್ಚಿ, ಸುಹಾನಾಳ ಬಟ್ಟೆಗಳನ್ನು ಮತ್ತೆ ಗೋಡೆಯ ಗೂಡಿನಲ್ಲಿ ಜೋಡಿಸಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ಮನೆಯ ಹಿರಿಯರೇ. ನಿಮ್ಮ ಮನೆಯಲ್ಲೂ ಬಗಲಿಗೆ ಭಾರವಾದ ಕೂಸು ಇದ್ದೀತು. ಹೊರುವ ಚೀಲ ಕೊಳ್ಳುವಾಗ ಬಣ್ಣ ನೋಡಬೇಡಿ. ನಿಮ್ಮ ಕೂಸಿನ ತೂಕ ಅದು ತಡೆಯುತ್ತದೆಯೇ ಎಂದು ಚೀಟಿ ಓದಿ. ಕುಳಿತುಕೊಳ್ಳುವ ಜಾಗ ಮೊಣಕಾಲಿನಿಂದ ಮೊಣಕಾಲಿಗೆ ಇರಲಿ, ಟೊಂಕಕ್ಕೆ ಅಗಲ ಪಟ್ಟಿ ಇರಲಿ. ಕೂಸನ್ನು ಕೂರಿಸಿ, ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡಿ. ಅನುಮಾನವಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ನೋವಿದ್ದರೆ ಮುಚ್ಚಿಡದೆ ದವಾಖಾನೆಗೆ ತೋರಿಸಿ. ನಮ್ಮನ್ನೂ ಒಂದು ಕಾಲಕ್ಕೆ ಯಾರೋ ಹೊತ್ತು ನಡೆದಿದ್ದಾರೆ. ಅವರ ಟೊಂಕ ಎಷ್ಟು ನೋಯುತ್ತಿತ್ತು ಎಂದು ನಾವು ಕೇಳಲಿಲ್ಲ. ಇವತ್ತು ನಿಮ್ಮ ಕೂಸನ್ನು ಹೊರುವವರನ್ನಾದರೂ ಕೇಳಿ.